ಸುತ್ತೋಲೆಯ ಕೊನೆಯ ಊರು

"ಗುರುಗಳೇ, ಸರ್ಕಾರದ ಆಜ್ಞೆಗೆ ಸುತ್ತೋಲೆ ಎನ್ನುತ್ತಾರಲ್ಲ, ಆ ಹೆಸರು ಹೇಗೆ ಬಂತು?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಓಲೆಯೆಂದರೆ ಬರೆದ ತಾಳೆಗರಿ. ಊರೂರು ಸುತ್ತುವ ಓಲೆ ಸುತ್ತೋಲೆ. ಪದದ ಅರ್ಥ ಇಷ್ಟೇ. ಮುಂದಿನದನ್ನು ಕೇಳು.

ಒಂದು ಸೀಮೆಯಲ್ಲಿ ಹನ್ನೆರಡು ಊರುಗಳಿದ್ದವು. ಓಲೆಕಾರನೊಬ್ಬ ಅರಸನ ಓಲೆಯನ್ನು ಪ್ರತಿ ಊರಿನಲ್ಲೂ ಗಟ್ಟಿಯಾಗಿ ಓದುತ್ತಿದ್ದ. ಕೇಳಿದವರು ಗರಿಯ ಅಂಚಿನಲ್ಲಿ ತಮ್ಮ ಊರಿನ ಗುರುತು ಗೀರಿ ಕೊಡುತ್ತಿದ್ದರು. ಓಲೆ ಮರಳಿದ ಮೇಲೆ ಅರಮನೆಯ ಲೆಕ್ಕ ಬರೆಯುವ ಕರಣಿಕ ಗುರುತುಗಳನ್ನು ಎಣಿಸುತ್ತಿದ್ದ.

ಕೊನೆಯ ಊರು ಅಂಬಿಗರದು. ಹೊಳೆಗೆ ಸೇತುವೆ ಬಂತು. ದೋಣಿಗೆ ಕೆಲಸವಿಲ್ಲದೆ ಅಂಬಿಗರು ಊರು ಬಿಟ್ಟರು. ಒಬ್ಬ ಹೆಂಗಸು ಮಾತ್ರ ಹೋಗಲಿಲ್ಲ. ಅವಳ ಗಂಡ ಆ ಹೊಳೆಯಲ್ಲಿ ಮುಳುಗಿದ್ದ.

"ಅವ್ವಾ, ನೀನೊಬ್ಬಳೇ ಇದ್ದೀಯೆ. ಯಾರಿಗೆಂದು ಓದಲಿ?" ಎಂದ ಓಲೆಕಾರ.

"ಊರಿಗೆ ಬಂದ ಓಲೆಯಪ್ಪ. ಓದು."

ಅವನು ಓದಿದ. ಅವಳು ಎದ್ದು ನಿಂತು ಕೇಳಿದಳು. ಮತ್ತೊಮ್ಮೆ ಓದಿಸಿದಳು. ದೋಣಿಯ ಗುರುತು ಗೀರಿದಳು. ವರ್ಷಕ್ಕೆ ಮೂರು ಸಲ ಓಲೆ ತರುವ ತನ್ನ ದನಿಯೊಂದೇ ಅವಳು ಕೇಳುವ ಮನುಷ್ಯರ ದನಿ ಎಂದು ಓಲೆಕಾರನಿಗೆ ಆಮೇಲೆ ತಿಳಿಯಿತು.

ಒಮ್ಮೆ ಓಲೆಯಲ್ಲಿ ಹೀಗಿತ್ತು: 'ಕೆರೆಗಳ ಹೂಳು ತೆಗೆಯತಕ್ಕದ್ದು. ಅಂಬಿಗರ ಊರು ಬರಿದಾಗಿದೆ. ಮುಂದಿನ ಸಲದಿಂದ ಅಲ್ಲಿಗೆ ಓಲೆ ಹೋಗತಕ್ಕದ್ದಲ್ಲ.' ಓಲೆಕಾರ ಅವಳೆದುರು ಕೆರೆಯ ಮಾತನ್ನಷ್ಟೇ ಓದಿದ. ಅವಳು ಗರಿಯನ್ನು ಕೈಗೆ ತೆಗೆದುಕೊಂಡು, ಸ್ವಲ್ಪ ತಡೆದು, ದೋಣಿ ಗೀರಿ ಕೊಟ್ಟಳು.

ಮುಂದಿನ ಸಲವೂ ಅವನು ಹೋದ. ದಾರಿಯುದ್ದಕ್ಕೂ ಅಂಜಿಕೆ. ಅವಳ ಗುರುತನ್ನು ಕರಣಿಕ ಕಂಡರೆ ಆಜ್ಞೆ ಮೀರಿದ್ದು ತಿಳಿಯುತ್ತದೆ, ಕೆಲಸ ಹೋಗುತ್ತದೆ. ಗುರುತು ಬೇಡವೆಂದರೆ ಏಕೆಂದು ಅವಳಿಗೆ ಹೇಳಬೇಕಾಗುತ್ತದೆ. ಓದಿ ಮುಗಿಸಿ, ಎಂದಿನಂತೆ ಗರಿಯನ್ನು ಮುಂದೆ ಹಿಡಿದ.

"ಕೈ ನಡುಗುತ್ತದಪ್ಪ. ಈ ಸಲ ಗುರುತು ಬೇಡ," ಎಂದಳು ಅವಳು.

ಆಮೇಲೂ ಪ್ರತಿ ಸಲ ಅದನ್ನೇ ಹೇಳಿದಳು. ಓಲೆಕಾರ ಒಂಬತ್ತು ವರ್ಷ ಹೋಗಿ ಓದಿದ. ಕರಣಿಕ ಹನ್ನೊಂದು ಗುರುತು ಎಣಿಸಿ ಸುಮ್ಮನಾದ. ಕೊನೆಗೆ ಅವಳು ತೀರಿಕೊಂಡಾಗ ಮಣ್ಣು ಮಾಡಿದವನೂ ಓಲೆಕಾರನೇ. ಊರನ್ನು ಕೈಬಿಟ್ಟ ಸಂಗತಿ ಅವಳಿಗೆ ತಿಳಿಯದೆ ಹೋಯಿತಲ್ಲ ಎಂದು ಅವನು ಸಮಾಧಾನಪಟ್ಟುಕೊಂಡ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಒಂದು ಗೀರು ಎಳೆಯಲಾರದಷ್ಟು ಅವಳ ಕೈ ನಡುಗುತ್ತಿತ್ತೇ?"

"ಅವಳಿಗೆ ಓದಲು ಬರುತ್ತಿತ್ತು," ಎಂದರು ಗುರುಗಳು.