ತೊಳಿಸಿದ್ದೋ, ಬಿಚ್ಚಿಸಿದ್ದೋ

ವರ್ಷವನ್ನು ಕೇಳಬೇಡಿ, ನನಗೆ ಹೇಳಿದವರಿಗೂ ಅದು ತಿಳಿದಿರಲಿಲ್ಲ. ರಸ್ತೆಗೆ ಡಾಂಬರು ಬಂದಿತ್ತು, ಡಾಂಬರಿನ ಮೇಲೆ ಓಡುವ ಕಾರುಗಳನ್ನು ಮಾತ್ರ ಇನ್ನೂ ಬೆರಳಿನಲ್ಲಿ ಎಣಿಸಬಹುದಾಗಿತ್ತು. ಅಂಥ ಕಾಲದಲ್ಲಿ, ಗುಡ್ಡದ ಬುಡದಲ್ಲಿ ಮೂರು ದಾರಿಗಳು ಕೂಡುವ ಮೂರುಕವಲು ಎಂಬ ಊರಿನಲ್ಲಿ, ಮಾನಪ್ಪ ಬಡಿಗೇರ ಎಂಬ ಮೇಸ್ತ್ರಿ ಇದ್ದನಂತೆ.

ಅವನ ಅಜ್ಜ ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಹಾಕುತ್ತಿದ್ದ. ಅಪ್ಪ ನೀರೆತ್ತುವ ಎಂಜಿನ್ ದುರಸ್ತಿ ಮಾಡುತ್ತಿದ್ದ. ಮಾನಪ್ಪ ಕಾರುಗಳಿಗೆ ಕೈ ಹಾಕಿದ. ಬಾನೆಟ್ಟಿನ ಮೇಲೆ ಅಂಗೈ ಇಟ್ಟರೆ ಸಾಕು, ವೈದ್ಯನು ನಾಡಿ ನೋಡಿದಂತೆ ರೋಗ ಹೇಳುತ್ತಿದ್ದನಂತೆ. ರೊಟ್ಟಿ ಮುರಿಯುತ್ತ ಕುಳಿತವನು ಗುಡ್ಡದ ಮೂರನೆಯ ತಿರುವಿನಲ್ಲಿ ಬರುತ್ತಿರುವ ಕಾರು ಯಾರದು, ಅದಕ್ಕೆ ಎಲ್ಲಿ ನೋವಿದೆ ಎಂದು ಹೇಳಿಬಿಡುತ್ತಿದ್ದನಂತೆ. ಮೂರನೆಯ ತಿರುವು ಅವನ ಶೆಡ್ಡಿನಿಂದ ಎರಡು ಮೈಲಿಯ ಮೇಲಾಗುತ್ತದೆ. ಆದರೆ ಕಾರುಗಳೇ ಐದಾರು ಇದ್ದ ಊರಿನಲ್ಲಿ ಯಾವುದು ಯಾರದೆಂದು ತಿಳಿಯಲು ಅಷ್ಟು ದೊಡ್ಡ ಕಿವಿ ಬೇಕಾಗಿಯೂ ಇರಲಿಲ್ಲ.

ಒಂದು ಮಾತನ್ನು ಮಾತ್ರ ಎಲ್ಲರೂ ಒಂದೇ ರೀತಿ ಹೇಳುತ್ತಾರೆ. ಅವನ ಶೆಡ್ಡಿಗೆ ಹೋದ ಕಾರನ್ನು ಅವನು ಬಿಚ್ಚದೆ ಬಿಡುತ್ತಿರಲಿಲ್ಲ. ಯಾವ ದೂರೂ ಇಲ್ಲ, ಸುಮ್ಮನೆ ಒಮ್ಮೆ ನೋಡು ಎಂದು ಕೊಟ್ಟರೂ ನಾಲ್ಕು ಗಾಲಿಗಳನ್ನು ಕಳಚಿ, ಒಳಗಿನದನ್ನೆಲ್ಲ ಗೋಣಿಚೀಲದ ಮೇಲೆ ಹರಡಿ, ಎರಡು ದಿನ ಇಟ್ಟುಕೊಳ್ಳುತ್ತಿದ್ದನಂತೆ. ನಡೆಯುವ ಗಾಡಿಯನ್ನು ಯಾಕೆ ಕೆಡವಬೇಕು ಎಂದು ಜನ ಬೇಸರಪಡುತ್ತಿದ್ದರು. ಕಾಲುವೆಯ ಪಕ್ಕದಲ್ಲಿ ನೀರಿನ ಪೈಪು ಹಿಡಿದು ಕಾರು ತೊಳೆಯುತ್ತಿದ್ದ ರುದ್ರಪ್ಪ ಎಲ್ಲರಿಗೂ ಕೇಳುವಂತೆ ನಗೆಯಾಡುತ್ತಿದ್ದನಂತೆ: “ಮಾನಪ್ಪಗ ಕೊಡೂಮುಂದ ಕಾರು, ತರೂಮುಂದ ಗಂಟು.”

ಈ ರುದ್ರಪ್ಪನ ಬಳಿ ಒಂದು ಬೋರ್ಡ್ ಇತ್ತು. ಬಿಳಿಯ ತಗಡಿನ ಮೇಲೆ ಕೆಂಪು ಅಕ್ಷರಗಳಲ್ಲಿ ‘ವಾಟರ್ ಸರ್ವಿಸ್’ ಎಂದು ಬರೆಸಿದ್ದ. ಮಾನಪ್ಪನ ಶೆಡ್ಡಿಗೆ ಬೋರ್ಡೇ ಇರಲಿಲ್ಲ. ಇಡೀ ಊರಿನಲ್ಲಿ ಸರ್ವಿಸ್ ಎಂಬ ಮಾತು ಬರೆದಿದ್ದುದು ಆ ಒಂದೇ ತಗಡಿನ ಮೇಲೆ.

ಆ ಊರಿನ ಹತ್ತಿ ವ್ಯಾಪಾರಿ ಚನ್ನವೀರಪ್ಪನ ಮನೆಯಲ್ಲಿ ಒಂದು ಕರಿಯ ಕಾರಿತ್ತು. ಅವನ ಹೆಂಡತಿ ಈರವ್ವ. ಒಬ್ಬಳೇ ಮಗಳು ಸಾವಂತ್ರೆವ್ವ. ಮಗಳನ್ನು ಗುಡ್ಡದ ಮೇಲಿನ ಮೇಲ್ಕಟ್ಟಿಗೆ ಕೊಟ್ಟಿದ್ದರು. ಅವಳಿಗೆ ಏಳು ತಿಂಗಳು ತುಂಬಿತು. ಕುಬಸದ ಶಾಸ್ತ್ರ, ಅಂದರೆ ಸೀಮಂತ, ಮುಗಿಸಿ, ಉಡಿ ತುಂಬಿಸಿ, ಹೆರಿಗೆಗೆಂದು ತವರಿಗೆ ಕರೆತರಬೇಕು. ಏರುವಾಗ ಒಂಬತ್ತು ಮೈಲಿ, ಇಳಿಯುವಾಗ ಅದೇ ಒಂಬತ್ತು ಮೈಲಿ, ಹನ್ನೊಂದು ತಿರುವು; ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಏನೂ ಇಲ್ಲ.

ಅದಕ್ಕೆ ಮೊದಲು ಕಾರನ್ನು ಎಲ್ಲಿ ತೋರಿಸುವುದು ಎಂಬ ಚರ್ಚೆ ಆ ಮನೆಯಲ್ಲಿ ಮೂರು ದಿನ ನಡೆಯಿತಂತೆ. ಪಟ್ಟಣದ ದೊಡ್ಡ ವರ್ಕ್‌ಶಾಪಿಗೆ ಒಯ್ಯಬೇಕು, ಅಲ್ಲಿ ಗಾಜಿನ ಕೋಣೆಯಿದೆ, ಮುದ್ರೆ ಒತ್ತಿದ ಕಾಗದ ಕೊಡುತ್ತಾರೆ ಎಂದು ಚನ್ನವೀರಪ್ಪ ಹೇಳಿದ. ಅಲ್ಲಿ ಕೆಲಸ ಮುಗಿಯಲು ವಾರ ಬೇಕು, ಮುಹೂರ್ತ ಕಾಯುವುದಿಲ್ಲ ಎಂದು ಈರವ್ವ ಹೇಳಿದಳು. ಮಾನಪ್ಪನಿಗೆ ಕೊಟ್ಟರೆ ಅವನು ಹಿಡಿದಿಟ್ಟುಕೊಳ್ಳುತ್ತಾನೆ, ಹೋದ ವರ್ಷ ಅವನಿಂದಲೇ ತಂಗಿಯ ಮಗನ ಮದುವೆಯ ಅಕ್ಕಿಕಾಳಿಗೆ ತಪ್ಪಿಸಿಕೊಂಡೆವು ಎಂದು ಗಂಡ ನೆನಪಿಸಿದ. ಅಕ್ಕಿಕಾಳು ತಪ್ಪಿದರೆ ತಪ್ಪಲಿ, ಈ ಸಲ ಕಾರಿನಲ್ಲಿ ಕೂರುವವಳು ಒಬ್ಬಳಲ್ಲ, ಇಬ್ಬರು ಎಂದು ಹೆಂಡತಿ ಉತ್ತರಿಸಿದಳು. ಮಾನಪ್ಪನೇ ನೋಡಲಿ ಎಂದು ಕೊನೆಗೆ ಅವಳು ನಿಶ್ಚಯಿಸಿದಳು. ನಿಶ್ಚಯ ಸರಿಯಾಗಿಯೇ ಇತ್ತು.

ಅವಳು ಅಂಗಳಕ್ಕೆ ಬಂದು ಕಾರು ನಡೆಸುವ ಯಮನೂರಿಯನ್ನು ಕರೆದು, “ಸರ್ವಿಸ್ ಮಾಡಿಸ್ಕೊಂಡು ಬಾ” ಎಂದಳು. ಎಲ್ಲಿ ಎಂದು ಹೇಳಲಿಲ್ಲ. ಮೂರು ದಿನ ಆ ಹೆಸರನ್ನೇ ಆಡಿದ್ದವಳಿಗೆ ಮತ್ತೊಮ್ಮೆ ಆಡಬೇಕೆಂದು ತೋಚಲಿಲ್ಲ. ಮನೆಯೊಳಗಿನ ಚರ್ಚೆಯನ್ನು ಅಂಗಳದಲ್ಲಿದ್ದ ಯಮನೂರಿ ಕೇಳಿರಲಿಲ್ಲ. ಸರ್ವಿಸ್ ಎಂದು ಬೋರ್ಡ್ ಹಾಕಿದ್ದ ಜಾಗ ಅವನಿಗೆ ಗೊತ್ತಿತ್ತು, ಅಲ್ಲಿಗೇ ಹೋದ.

ಮರುದಿನ ಕಾರು ಬಂತು. ಆಯಿತೇ ಎಂದು ಈರವ್ವ ಕೇಳಿದಳು. “ಆತ್ರಿ ಅವ್ವಾರ. ಮುಖಾ ನೋಡ್ಕೋಬಹುದು, ಹಂಗ ಆಗೇತಿ ಗಾಡಿ” ಎಂದ ಯಮನೂರಿ. ಎರಡು ದಿನ ಹಿಡಿಯುವ ಮಾನಪ್ಪ ಒಂದೇ ದಿನಕ್ಕೆ ಕೊಟ್ಟನಲ್ಲ, ಕುಬಸವೆಂದು ಅವಸರ ಮಾಡಿರಬೇಕು ಎಂದುಕೊಂಡು ಅವಳು ಒಳಗೆ ಹೋದಳಂತೆ. ಯಮನೂರಿ ಸುಳ್ಳು ಹೇಳಿರಲಿಲ್ಲ. ರುದ್ರಪ್ಪನೂ ಮೋಸ ಮಾಡಿರಲಿಲ್ಲ. ತೊಳೆಯುವುದರಲ್ಲಿ ಅವನಂಥವರು ಇರಲಿಲ್ಲ.

ಕುಬಸದ ದಿನ ಬೆಳಿಗ್ಗೆ ಕಾರು ಹೊರಟಿತು. ಹಿಂದಿನ ಸೀಟಿನಲ್ಲಿ ಈರವ್ವ ಮತ್ತು ಇಬ್ಬರು ಮುತ್ತೈದೆಯರು, ತೊಡೆಯ ಮೇಲೆ ತಾಟುಗಳು. ಮೂರು ದಾರಿ ಕೂಡುವಲ್ಲಿ ಯಮನೂರಿ ಬ್ರೇಕು ತುಳಿದ. ಶೆಡ್ಡಿನ ಮುಂದೆ ನಿಂತಿದ್ದ ಮಾನಪ್ಪನ ಕಿವಿಗೆ ಕಬ್ಬಿಣ ಕಬ್ಬಿಣವನ್ನು ಕೆರೆಯುವ ಸದ್ದು ಬಿತ್ತು. ಗಾಲಿ ಒದರುತ್ತಿದೆಯಲ್ಲ ಎಂದು ಅವನು ಕೂಗಿ ಕೇಳಿದನಂತೆ. ನಿನ್ನೆಯಷ್ಟೇ ಸರ್ವಿಸ್ ಆಗಿದೆ ಎಂದು ಯಮನೂರಿ ಕೂಗಿ ಹೇಳಿದ. ಹಾಗಾದರೆ ಪಟ್ಟಣದ ವರ್ಕ್‌ಶಾಪಿಗೆ ಹೋಗಿ ಬಂದಿರಬೇಕು, ಬ್ರೇಕಿನ ಹೊಸ ಲೈನರ್ ಕೂರುವವರೆಗೆ ಸದ್ದು ಮಾಡುತ್ತದೆ ಎಂದು ಮಾನಪ್ಪ ತಿಳಿದ. ತಾನೇ ಮಾಡಿದ ಕೆಲಸವನ್ನು ಇವನೇಕೆ ಕೇಳುತ್ತಿದ್ದಾನೆ ಎಂದು ಈರವ್ವನಿಗೆ ಒಂದು ಕ್ಷಣ ಅನ್ನಿಸಿತು. ಅಷ್ಟರಲ್ಲಿ ಜೊತೆಯವರು ಸೋಬಾನೆ ಎತ್ತಿಕೊಂಡರು. ಕಾರು ಗುಡ್ಡ ಹತ್ತಿತು.

ಒಂದೇ ಮಾತು, ಆಡಿದವಳಿಗೆ ಒಂದು ಅರ್ಥ, ಮಾಡಿಸಿದವನಿಗೆ ಒಂದು, ಕೇಳಿದವನಿಗೆ ಇನ್ನೊಂದು.

ಮಾನಪ್ಪ ಶೆಡ್ಡಿನೊಳಗೆ ಹೋಗಿ ಕುಳಿತ. ಕುಳಿತವನಿಗೆ ಆ ಗಾಲಿಗಳು ಕಣ್ಣಿಗೆ ಕಟ್ಟಿದವು. ಎಷ್ಟು ಹೊಳೆಯುತ್ತಿದ್ದವು! ಆದರೆ ಪಾನಾ ಹಾಕಿ ತಿರುಗಿಸಿದ ನಟ್ಟಿನ ಮೂಲೆಗಳು ಸವೆದು ಬೆಳ್ಳಗೆ ಕಾಣಬೇಕು. ಆ ನಟ್ಟುಗಳ ಮೂಲೆಯಲ್ಲಿ ಹಳೆಯ ತುಕ್ಕು ಹಾಗೆಯೇ ಇತ್ತು. ಗಾಲಿಯನ್ನು ಯಾರೂ ಮುಟ್ಟಿಯೇ ಇಲ್ಲ. ಬರಿಯ ತೊಳೆಯುವುದಕ್ಕೂ ಸರ್ವಿಸ್ ಎಂಬ ಮಾತು ಸಲ್ಲುತ್ತದೆ ಎಂಬುದು ಅವನಿಗೆ ಆಗ ಹೊಳೆಯಿತು.

ಮುಂದಿನದನ್ನು ಜನ ಹಲವು ರೀತಿ ಹೇಳುತ್ತಾರೆ. ಮಾರುತಿ ದೇವರೇ ಅವನನ್ನು ಹೆಗಲ ಮೇಲೆ ಹೊತ್ತು ಗುಡ್ಡ ಏರಿಸಿದ ಎನ್ನುವವರಿದ್ದಾರೆ. ಗಾಳಿಯೇ ದಾರಿಯಾಯಿತು ಎನ್ನುವವರಿದ್ದಾರೆ. ರಸ್ತೆಯಲ್ಲಿ ಒಂಬತ್ತು ಮೈಲಿಯಾಗುವ ಮೇಲ್ಕಟ್ಟಿಗೆ ಕುರುಬರ ಕಾಲುದಾರಿಯಲ್ಲಿ ಎರಡೂವರೆ ಮೈಲಿ. ಕುಬಸದ ಶಾಸ್ತ್ರ, ಊಟ, ಉಡಿ ತುಂಬುವುದು ಎಲ್ಲ ಸೇರಿ ಮೂರು ತಾಸು. ಐವತ್ತು ದಾಟಿದ, ಮೊಣಕಾಲು ನೋವಿನ ಮನುಷ್ಯ ಒಂದು ಪಾನಾ ಹಿಡಿದು, ಎಲ್ಲೂ ಕೂರದೆ ಹತ್ತಿದರೆ ಆ ಹೊತ್ತಿಗೆ ತಲುಪಬಹುದು. ಅವನು ಎಲ್ಲೂ ಕೂರಲಿಲ್ಲ ಎಂಬುದನ್ನು ನಾನು ನಂಬುತ್ತೇನೆ.

ಅವನು ತಲುಪಿದಾಗ ಸಾವಂತ್ರೆವ್ವ ಉಡಿ ತುಂಬಿಸಿಕೊಂಡು, ಹಸಿರು ಸೀರೆಯುಟ್ಟು, ಗಂಡನ ಮನೆಯ ಹೊಸ್ತಿಲು ದಾಟಿ ಬಂದು ಕಾರಿನಲ್ಲಿ ಕುಳಿತಾಗಿತ್ತು. ಬೀಗರು ಆರತಿ ಎತ್ತಿದ್ದರು. ಎದೆ ಏರಿಳಿಯುತ್ತಿದ್ದ ಮಾನಪ್ಪ ಕಾರಿನ ಮುಂದೆ ನೆಲದ ಮೇಲೆ ಕುಳಿತುಬಿಟ್ಟ. ಜನ ದಂಗಾದರು. ಕುಡಿದು ಬಂದಿದ್ದಾನೆ ಎಂದರು ಕೆಲವರು. ಎಬ್ಬಿಸಿರೆಂದರು ಕೆಲವರು. ಅವನು ಉಸಿರು ಹಿಡಿದು ಯಮನೂರಿಯನ್ನು ಒಂದೇ ಒಂದು ಮಾತು ಕೇಳಿದ.

“ತೊಳಿಸಿದ್ದೋ, ಬಿಚ್ಚಿಸಿದ್ದೋ?”

“ತೊಳಿಸೀನಿ, ಕಾಕಾ,” ಎಂದ ಯಮನೂರಿ. “ಅವ್ವಾರು ಸರ್ವಿಸ್ ಅಂದಿದ್ರಲ್ಲ.”

ಈರವ್ವನ ಕೈಯಲ್ಲಿದ್ದ ತಾಟು ನೆಲಕ್ಕೆ ಬಿತ್ತಂತೆ. ಅವಳು ಕಾರಿನ ಬಾಗಿಲು ತೆರೆದು, ಮಗಳ ರಟ್ಟೆ ಹಿಡಿದು ಕೆಳಗಿಳಿಸಿದಳು.

ಮಾನಪ್ಪ ಗಾಲಿಗೆ ಪಾನಾ ಹಾಕಿದಾಗ ಮಗಳ ಮಾವ ಅಡ್ಡ ಬಂದ. ಆರತಿ ಎತ್ತಿದ ಗಾಡಿಯ ಗಾಲಿ ಕಳಚುವುದು ಯಾವ ಶಾಸ್ತ್ರ ಎಂದು ಗದರಿದ. ಮಾನಪ್ಪ ತಲೆ ಎತ್ತಲಿಲ್ಲ. ಗಾಲಿ ಬಂತು, ಅದರ ಹಿಂದಿನ ಡ್ರಮ್ ಬಂತು. ಗಾಲಿಯನ್ನು ಹಿಡಿದು ನಿಲ್ಲಿಸಬೇಕಾದ ಲೈನರ್ ಇರುವಲ್ಲಿ ಲೈನರ್ ಇರಲಿಲ್ಲ. ಬರಿಯ ಕಬ್ಬಿಣ, ಅದೂ ತಿಂದುಹೋಗಿ ಎಲೆಯಷ್ಟು ತೆಳುವಾಗಿತ್ತು. ಎರಡನೆಯ ಗಾಲಿಯೂ ಹಾಗೆಯೇ. ಕಳಚಿದ ಆ ಕಬ್ಬಿಣದ ಚೂರನ್ನು ಅವನು ಈರವ್ವನ ಅಂಗೈಯಲ್ಲಿ ಇಟ್ಟ. ಅದು ಕೆಂಡದಂತೆ ಸುಡುತ್ತಿತ್ತು ಎಂದು ಹೇಳುತ್ತಾರೆ. ಕಾರು ಮೂರು ತಾಸು ನೆರಳಿನಲ್ಲಿ ನಿಂತಿತ್ತು. ಅದು ತಣ್ಣಗೇ ಇದ್ದಿರಬೇಕು. ಅಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಬಾಗಿ ಅದನ್ನು ನೋಡಿದರು, ನೋಡಿ ಗುಡ್ಡದ ಇಳಿಜಾರನ್ನು ನೋಡಿದರು. ಗದರಿದ್ದ ಮಾವ ತಾನೇ ಒಂದು ಕಲ್ಲು ತಂದು ಉಳಿದ ಗಾಲಿಗೆ ಅಡ್ಡ ಇಟ್ಟನಂತೆ.

ಮಾನಪ್ಪನೇ ಮೊದಲು ಮಾತಾಡಿದ. “ದಾರ್‍ಯಾಗ ಆ ಮಾತು ಕೇಳಿ ನಾನೂ ಸುಮ್ಮನ ಬಿಟ್ನಿ, ಅಕ್ಕಾರ. ಅದು ನನ್ನ ತಪ್ಪು.”

ಬ್ರೇಕಿಲ್ಲದ ಕಾರನ್ನು ಮಾನಪ್ಪ ಒಂದೇ ಗೇರಿನಲ್ಲಿ ಹನ್ನೊಂದು ತಿರುವು ಇಳಿಸಿ, ಬಸುರಿಯನ್ನು ಹೂವಿನಂತೆ ತವರಿಗೆ ಮುಟ್ಟಿಸಿದ ಎಂದು ಇಂದಿಗೂ ಹಾಡಿ ಹೇಳುತ್ತಾರೆ. ಹಾಗೆ ಮಾಡುವವನಾಗಿದ್ದರೆ ಅವನು ಅಲ್ಲಿಗೆ ಹತ್ತಿ ಬರುತ್ತಲೇ ಇರಲಿಲ್ಲ. ಅವನು ಮಾಡಿದ್ದು ಕಾಯುವ ಕೆಲಸ. ಪಟ್ಟಣದಿಂದ ಲೈನರ್ ಬರಲು ಎರಡು ದಿನ ಹಿಡಿಯಿತು. ಉಡಿ ತುಂಬಿ ಹೊಸ್ತಿಲು ದಾಟಿದವಳು ತಿರುಗಿ ಅದೇ ಮನೆ ಹೊಗುವಂತಿಲ್ಲವಾದ್ದರಿಂದ ಸಾವಂತ್ರೆವ್ವ ಆ ಎರಡು ದಿನ ನೆರೆಮನೆಯಲ್ಲಿ ತಾಯಿಯ ಪಕ್ಕದಲ್ಲಿ ಕಳೆದಳು. ಮಾನಪ್ಪ ನಾಲ್ಕು ಗಾಲಿಗಳನ್ನೂ ಬಿಚ್ಚಿ, ಗೋಣಿಚೀಲದ ಮೇಲೆ ಹರಡಿ, ಒಂದೊಂದನ್ನೂ ಒರೆಸಿ ಜೋಡಿಸಿದ. ಬೇಗ ಮುಗಿಸು ಎಂದು ಈ ಸಲ ಯಾರೂ ಹೇಳಲಿಲ್ಲ. ಮೂರನೆಯ ದಿನ ಯಮನೂರಿಯೇ ಕಾರು ಇಳಿಸಿದ, ಪ್ರತಿ ತಿರುವಿನಲ್ಲೂ ನಿಲ್ಲಿಸಿ ನಿಲ್ಲಿಸಿ. ಎರಡು ತಿಂಗಳಿಗೆ ಸಾವಂತ್ರೆವ್ವ ಹೆಣ್ಣುಮಗುವನ್ನು ಹೆತ್ತಳು.

ಮಾನಪ್ಪ ಹೋಗಿ ಎಷ್ಟೋ ಕಾಲವಾಯಿತು. ಮೂರುಕವಲಿನಲ್ಲಿ ಈಗ ಗಾಜಿನ ಕೋಣೆಯ ವರ್ಕ್‌ಶಾಪುಗಳೇ ಮೂರಿವೆ. ಅಲ್ಲಿಗೆ ಕಾರು ಒಯ್ಯುವವರು ಸರ್ವಿಸ್ ಎಂಬ ಮಾತನ್ನು ಇಂದಿಗೂ ಆಡುವುದಿಲ್ಲ. ಬಿಚ್ಚಬೇಕಾದರೆ ಬಿಚ್ಚಿ ಎನ್ನುತ್ತಾರೆ, ತೊಳೆಯಬೇಕಾದರೆ ತೊಳೆಯಿರಿ ಎನ್ನುತ್ತಾರೆ. ಕಳಚಿದ ಹಳೆಯ ಚೂರನ್ನು ಕೈಗೆ ಇಸಿದುಕೊಳ್ಳದೆ ಎದ್ದು ಬರುವುದಿಲ್ಲ. ಕುಬಸ ಮುಗಿದು ತವರಿನ ಕಾರು ಬಾಗಿಲಿಗೆ ಬಂದಾಗ, ಮನೆಯ ಹಿರಿಯಳು ಬಸುರಿಯ ಕೈ ಹಿಡಿದುಕೊಂಡೇ ಹೋಗಿ, ಬಾಗಿ ಗಾಲಿಯ ನಟ್ಟು ನೋಡಿ, ಕಾರು ತಂದವನನ್ನು ಕೇಳುತ್ತಾಳೆ: ತೊಳಿಸಿದ್ದೋ, ಬಿಚ್ಚಿಸಿದ್ದೋ? ಅವನು ಜೇಬಿನಿಂದ ಆ ಚೂರನ್ನು ತೆಗೆದು ಅಂಗೈಯಲ್ಲಿಟ್ಟು ತೋರಿಸುವವರೆಗೆ ಅವಳು ಬಸುರಿಯ ಕೈಯನ್ನು ಬಿಡುವುದಿಲ್ಲ.