ಕೆಳಗಿನೂರಿನ ಮೀನು

"ಗುರುಗಳೇ, ರಾಜನ ಆಜ್ಞೆ ಅವನ ಗಡಿಯವರೆಗೆ. ಎರಡು ರಾಜ್ಯಗಳು ಕೂಡಿ ಮಾಡಿಕೊಂಡ ಕಟ್ಟಳೆಯನ್ನು ಮುರಿದರೆ ಕೇಳುವವರು ಯಾರು? ಅದು ಹಲ್ಲು ಕಿತ್ತ ಹಾವಲ್ಲವೇ?" ಎಂದು ಶಿಷ್ಯನು ಕೇಳಿದನು.

ಗುರುಗಳು ಹೇಳಿದರು:

ಒಂದು ನದಿ ಎರಡು ರಾಜ್ಯಗಳಲ್ಲಿ ಹರಿಯುತ್ತಿತ್ತು. ಎರಡೂ ಕಡೆಯ ಅರಸರ ಮುತ್ತಜ್ಜಂದಿರು ಗಡಿಯಲ್ಲಿ ಕಲ್ಲು ನಿಲ್ಲಿಸಿ ಬರೆಸಿದ್ದರು: ಮೇಲಿನವರು ಹೊಸ ಕಸುಬಿನ ಕೊಳೆನೀರನ್ನು ಹೊಳೆಗೆ ಬಿಡುವ ಮೊದಲು ಅದರಲ್ಲಿ ಏಳು ದಿನ ಮೀನು ಬಿಟ್ಟು ನೋಡಬೇಕು, ಮೀನು ಕೆಳಗಿನೂರಿನದೇ ಆಗಿರಬೇಕು.

ಮೇಲಿನ ರಾಜ್ಯದಲ್ಲಿ ಒಬ್ಬ ಬಣ್ಣಗಾರನಿದ್ದನು. ಹನ್ನೆರಡು ವರ್ಷ ಬೇರು, ತೊಗಟೆ, ಕಲ್ಲು ಅರೆದು ಅರೆದು ಯಾರೂ ಕಂಡಿರದ ಒಂದು ಕೆಂಪನ್ನು ಪಡೆದನು. ರಾಜನು ತಲೆದೂಗಿ, ಆಸ್ಥಾನದ ಬಟ್ಟೆಗೆಲ್ಲ ಇನ್ನು ನಿನ್ನದೇ ಬಣ್ಣ ಎಂದನು.

ಬಣ್ಣಗಾರನು ಕೊಳೆನೀರಿಗೆ ತನ್ನೂರ ಕೆರೆಯ ಮೀನು ಬಿಟ್ಟನು. ಏಳು ದಿನವೂ ಅವು ಬದುಕಿದವು. ಅವನು ಹಿಗ್ಗಿದನು. ಎಂಟನೆಯ ದಿನ ಊಟ ರುಚಿಸಲಿಲ್ಲ. ಕೆರೆಯ ಮೀನು ಕೆಸರಲ್ಲಿ ಬೆಳೆದ ಗಟ್ಟಿ ಜೀವ. ಕೆಳಗಿನೂರಿನದೇ ಮೀನು ಎಂದು ಕಲ್ಲಿನಲ್ಲಿ ಬರೆಸಿದ ಹಿರಿಯರೇನು ದಡ್ಡರೇ?

ಆಗ ಎರಡು ರಾಜ್ಯಗಳಿಗೂ ಎಣ್ಣೆ ಸೀಗೆಕಾಯಿ. ಬಣ್ಣಗಾರನು ಕೆಳಗಿನೂರಿನ ಮೀನು ತರಲು ಅಪ್ಪಣೆ ಬೇಡಿದನು. "ಮೀನಿಗಾಗಿ ಹಗೆಯ ನಾಡಿಗೆ ಹೋಗುವೆಯಾ? ಹೊಳೆಗೆ ಸುರಿ. ನೋಡುವವರು ಯಾರು?" ಎಂದು ರಾಜನು ನಕ್ಕನು.

"ನಾನೊಬ್ಬ ನೋಡುತ್ತೇನಲ್ಲ, ಪ್ರಭು" ಎಂದನು ಬಣ್ಣಗಾರ.

ಜೀವ ಕೈಯಲ್ಲಿ ಹಿಡಿದು ಗಡಿ ದಾಟಿದನು. ಹೊಳೆಗೆ ಬಲೆ ಹಾಕಿದ್ದ ಮುದುಕಿಯೊಬ್ಬಳಲ್ಲಿ ಆರು ಮರಿಮೀನು ಬೇಡಿದನು. "ಇಷ್ಟರಲ್ಲಿ ಸಾರಾದರೂ ಆದೀತೇನಪ್ಪ?" ಎಂದು ಅವಳು ನಗುತ್ತ ಕೊಟ್ಟಳು. ಕಲ್ಲಿನ ಮಾತು ಅವಳಿಗೆ ಗೊತ್ತೇ ಇರಲಿಲ್ಲ.

ಆ ಮೀನುಗಳನ್ನು ತಂದು ಕೊಳೆನೀರಿಗೆ ಬಿಟ್ಟನು. ಮೂರನೆಯ ದಿನ ಆರೂ ಹೊಟ್ಟೆ ಮೇಲಾಗಿ ತೇಲಿದವು. ಬಣ್ಣಗಾರನು ಬಿಕ್ಕಿ ಬಿಕ್ಕಿ ಅತ್ತನು. ಮೀನಿಗಾಗಿಯೋ, ಹನ್ನೆರಡು ವರ್ಷಕ್ಕಾಗಿಯೋ, ಅವನೇ ಬಲ್ಲ. ಆಮೇಲೆ ಆ ನೀರನ್ನು ಬಂಡೆಯ ಮೇಲೆ ಬಿಸಿಲಿಗೆ ಬತ್ತಿಸಿ, ಕೆಂಪಿನ ಬಾನಿಯನ್ನು ತನ್ನ ಕೈಯಾರೆ ಒಡೆದನು. ಅರಮನೆಯ ಕೆಲಸ ಕೈತಪ್ಪಿತು. ಮತ್ತೆ ಹಳೆಯ ನೀಲಿಗೇ ಕೈ ಅದ್ದಿದನು. ಎಂಥ ಮನುಷ್ಯ ನೋಡು! ಅವನ ಮೇಲೆ ಕಣ್ಣಿಡಲು ಒಬ್ಬ ಸಿಪಾಯಿಯೂ ಇರಲಿಲ್ಲ.

ಶಿಷ್ಯನ ಕಣ್ಣು ತುಂಬಿತು. "ಕೆಳಗಿನೂರಿನವರು ಅವನನ್ನು ಈಗಲೂ ನೆನೆಯುತ್ತಾರೆಯೇ, ಗುರುಗಳೇ?" ಎಂದನು.

ಗುರುಗಳೆಂದರು: "ನೆನೆಯಲು ಅವರಿಗೆ ಏನೂ ಆಗಲೇ ಇಲ್ಲವಲ್ಲ, ಮಗು."