ಹದಿನೇಳನೆಯ ಪುಸ್ತಕ

ಪಟ್ಟಣದ ಗ್ರಂಥಾಲಯದ ಮೂರನೆಯ ಕಪಾಟಿನಲ್ಲಿ ಹದಿನೇಳನೆಯ ಪುಸ್ತಕವು ಹದಿನೆಂಟನೆಯ ಜಾಗಕ್ಕೆ ಸರಿದ ಗಂಭೀರ ಘಟನೆ ಕಳೆದ ವರ್ಷ ನಡೆಯಿತು.

ಅಂದು ಪುಸ್ತಕಗಳ ಸಮೀಕ್ಷೆ ಇತ್ತು. ಎಲ್ಲವನ್ನೂ ನೋಡಲು ಪುರುಸೊತ್ತಿಲ್ಲದ ಸಮೀಕ್ಷಕಿ ಪಂಕಜಾಕ್ಷಿಯವರು ಚೀಟಿ ಎತ್ತಿದರು. ಹದಿನೇಳು ಬಂತು. ಪ್ರತಿ ಕಪಾಟಿನಲ್ಲೂ ಹದಿನೇಳನೆಯ ಪುಸ್ತಕವನ್ನು ಮಾತ್ರ ತೆಗೆದು ನೋಡುವುದು, ಅದು ಹಾಳಾಗಿದ್ದರೆ ಇಡೀ ಕಪಾಟಿಗೆ ಗೆದ್ದಲಿನ ಔಷಧಿ ಹೊಡೆಸುವುದು ಎಂದು ತೀರ್ಮಾನವಾಯಿತು.

ಮೂರನೆಯ ಕಪಾಟಿನಲ್ಲಿ ಆ ಜಾಗದಲ್ಲಿದ್ದುದು ಗೆದ್ದಲು ಅರ್ಧ ತಿಂದಿದ್ದ ಅಡುಗೆ ಪುಸ್ತಕ. ಅದರ ಪಕ್ಕದಲ್ಲಿ ಚರ್ಮದ ರಟ್ಟಿನ ನಿಘಂಟು.

“ತಂಗಿ, ಈಚೆ ನನ್ನ ಜಾಗಕ್ಕೆ ಬಾ. ಬಂದವರ ಮುಂದೆ ನೀನು ಹೀಗೆ ನಿಂತರೆ ಕಪಾಟಿನ ಮರ್ಯಾದೆ ಏನಾಗಬೇಕು?” ಎಂದಿತು ನಿಘಂಟು.

“ಅಣ್ಣಾ, ನನ್ನನ್ನು ನೋಡಿದರೆ ತಾನೇ ಔಷಧಿ ಬರುವುದು? ಕೋಸಂಬರಿಯಿಂದ ಪಾಯಸದವರೆಗೆ ಹೋಯಿತು. ಉಳಿದಿರುವುದು ಉಪ್ಪಿನಕಾಯಿ ಮಾತ್ರ. ಆಮೇಲೆ ನಿನ್ನ ಸರದಿ.”

“ಮನೆಯ ಹುಳುಕನ್ನು ಯಾರಾದರೂ ಬೀದಿಗೆ ಹಾಕುತ್ತಾರೆಯೇ?”

ಅಡುಗೆ ಪುಸ್ತಕದೊಳಗಿನಿಂದ ಗೆದ್ದಲು ತಲೆ ಹೊರಹಾಕಿತು. “ರಾಯರು ಹೇಳುವುದು ಸರಿಯಮ್ಮಾ. ದೊಡ್ಡವರಿಗೆ ಎದುರಾಡಬಾರದು.”

ಕಪಾಟಿನವರೆಲ್ಲ ಹೌದು ಹೌದು ಎಂದರು. ಅಡುಗೆ ಪುಸ್ತಕ ಸರಿಯಿತು. ಪಂಕಜಾಕ್ಷಿಯವರು ನಿಘಂಟನ್ನು ತೆಗೆದು, ತಿರುವಿ ಹಾಕಿ, ‘ಕಪಾಟು ಉತ್ತಮ ಸ್ಥಿತಿಯಲ್ಲಿದೆ’ ಎಂದು ಬರೆದರು. ಔಷಧಿ ನಾಲ್ಕನೆಯ ಕಪಾಟಿಗೆ ಹೋಯಿತು. ಅಲ್ಲಿಯ ಹದಿನೇಳನೆಯ ಪುಸ್ತಕ ತೂತುಬಿದ್ದ ರಟ್ಟಿನಲ್ಲೇ ನಿಂತಿತ್ತು.

ಈ ವರ್ಷದ ಚೀಟಿಯಲ್ಲಿ ಹನ್ನೊಂದು ಬಂತು. ಮೂರನೆಯ ಕಪಾಟಿನಲ್ಲಿ ಒಂಬತ್ತು ಪುಸ್ತಕಗಳಿದ್ದವು. ಅವುಗಳಲ್ಲಿ ನಿಘಂಟು ಇರಲಿಲ್ಲ.